ಹೊಸ ಹೆಡ್‌ಫೋನ್ ಆರ್ಡರ್ ಮಾಡೋ ಮೊದಲು

"ಎಂತ ಮಾರಾಯಾ ಅದು, ಕೆನ್ನೆಗೆಲ್ಲ ಮಸಿ ಹಚ್ಕೊಂಡಿದೀಯ?" ಅಂದಳು ಅಮ್ಮ.

ಕನ್ನಡಿ ನೋಡಿಕೊಂಡೆ. ಮಸಿ ಅಲ್ಲ. ಹೆಡ್‌ಫೋನ್ ಕುಶನ್ನಿನ ಕಪ್ಪು ರೆಕ್ಸಿನ್ ಹಪ್ಪಳದ ಹಾಗೆ ಎದ್ದು, ಚೂರು ಚೂರಾಗಿ ಕಿವಿಗೆ, ಕೆನ್ನೆಗೆ, ಕಾಲರಿಗೆ ಅಂಟಿತ್ತು. ಆರಿದ್ರಾ ಮಳೆ ಹಿಡಿದು ಐದು ದಿನ ಆಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಂಥ ದಿನಗಳಲ್ಲಿ ಕೆಲಸ ಮುಗಿದ ಮೇಲೆ ಮೊಬೈಲೇ ಗತಿ. ಆ ಐದು ದಿನದಲ್ಲಿ ಹೆಡ್‌ಫೋನ್ ಬಗ್ಗೆ ಎಷ್ಟು ವಿಡಿಯೋ ನೋಡಿದ್ದೆ ಅಂತ ಹೇಳೋಕೆ ನಾಚಿಕೆಯಾಗುತ್ತದೆ. ಕಾರ್ಟ್‌ನಲ್ಲಿ 24,000 ರೂಪಾಯಿಯದೊಂದು ಕೂತಿತ್ತು. ಹಳೇದರಲ್ಲಿ ಬೇಸ್ (ತಗ್ಗಿನ ಗುಂ ಅನ್ನೋ ಸದ್ದು) ಸತ್ತುಹೋಗಿದೆ, ಎಲ್ಲಾ ತೆಳ್ಳಗೆ ಕೇಳುತ್ತದೆ, ಐದು ವರ್ಷ ಆಯ್ತಲ್ಲ ಅನ್ನೋದು ನನ್ನ ವಾದ.

ಬೇಸ್ ಸತ್ತಿರಲಿಲ್ಲ. ಹರಿದ ಕುಶನ್ನಿನ ಸಂದಿಯಲ್ಲಿ ಸೋರಿಹೋಗುತ್ತಿತ್ತು. 700 ರೂಪಾಯಿಗೆ ಒಂದು ಜೊತೆ ಕುಶನ್ ತರಿಸಿ ಹಾಕಿದೆ. ಬೇಸ್ ವಾಪಸ್ ಬಂತು.

ಆಮೇಲೆ ಹೊಸದರ ಆಸೆ ನಿಂತೇಹೋಯಿತು ಅಂದರೆ ಸುಳ್ಳಾಗುತ್ತದೆ. ಮಳೆಗಾಲದ ಅಣಬೆ ಹಾಗೆ ಅದು ಮತ್ತೆ ಏಳುತ್ತದೆ. ಆದರೆ ಎದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪುಕ್ಕಟೆ ಆಗೋದು ಮೊದಲು, ನೂರಿನ್ನೂರರ ಕೆಲಸ ನಂತರ, ದೊಡ್ಡ ಖರ್ಚು ಕೊನೆಗೆ. ನೀವೂ ಇದೇ ಸಾಲಿನಲ್ಲಿ ಹೋಗಿ.

1. ಕೊರತೆ ಏನು ಅಂತ ಬರೆಯಿರಿ

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದರೂ ಸಾಕು. ಒಂದು ಷರತ್ತು: ಯಾವ ಹಾಡು, ಸುಮಾರು ಎಷ್ಟನೇ ನಿಮಿಷ, ಅಲ್ಲಿ ಏನು ಕೇಳುತ್ತಿಲ್ಲ ಅಥವಾ ಏನು ಚುಚ್ಚುತ್ತದೆ. ಅಷ್ಟು ಬರೆಯಲು ಆಗದಿದ್ದರೆ ಅದು ಕೊರತೆ ಅಲ್ಲ.

ನಾನು ಬರೆದದ್ದು ಮೂರು ಸಾಲು. ಒಂದು, ಯಕ್ಷಗಾನದ ರೆಕಾರ್ಡಿಂಗಿನಲ್ಲಿ ಮದ್ದಳೆಯ ಗುಂ ಅನ್ನೋ ನಾದ ಕಾಣೆ, ಚಂಡೆ ಮಾತ್ರ ಕಿವಿಗೆ ಬಡಿಯುತ್ತದೆ. ಎರಡು, ಎರಡು ಗಂಟೆ ಹಾಕಿಕೊಂಡರೆ ನೆತ್ತಿ ನೋಯುತ್ತದೆ. ಮೂರು, ಸೌಂಡ್‌ಸ್ಟೇಜ್ (ವಾದ್ಯಗಳು ಸುತ್ತ ಬೇರೆ ಬೇರೆ ಜಾಗದಿಂದ ಬಂದ ಹಾಗೆ ಕೇಳೋ ಹರವು) ಸಾಲದು. ಮೂರನೇದಕ್ಕೆ ಹಾಡಿನ ಹೆಸರು ಹಾಕೋಕೆ ಹೋದೆ, ಒಂದೂ ಹೊಳೆಯಲಿಲ್ಲ. ಆ ಮಾತು ನನ್ನ ಕಿವಿಯಿಂದ ಬಂದದ್ದಲ್ಲ, ಯಾವುದೋ ವಿಡಿಯೋದಿಂದ ಬಂದದ್ದು. ಹೊಡೆದುಹಾಕಿದೆ. ವಿಡಿಯೋ ನೋಡೋಕೆ ಮುಂಚೆ ಆರು ತಿಂಗಳು ಅದೇ ಹೆಡ್‌ಫೋನಿನಲ್ಲಿ ಸುಖವಾಗಿ ಹಾಡು ಕೇಳಿದವನು ನಾನೇ ಅಲ್ವಾ?

"ಹಳೇದಾಯ್ತು" ಅನ್ನೋದನ್ನೂ ಆ ಪಟ್ಟಿಗೆ ಸೇರಿಸಬೇಡಿ. ಹೆಡ್‌ಫೋನ್ ಮೊಬೈಲ್ ಹಾಗಲ್ಲ, ವರ್ಷ ಕಳೆದ ಹಾಗೆ ನಿಧಾನ ಆಗುವುದಿಲ್ಲ. ಕಾಸ್ ಕಂಪನಿಯ ಪೋರ್ಟಾ ಪ್ರೋ ಬಂದದ್ದು 1984ರಲ್ಲಿ. ಸ್ಟುಡಿಯೋಗಳಲ್ಲಿ ಕಾಣುವ ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ. ಎರಡನ್ನೂ ಜನ ಇವತ್ತಿಗೂ ಹೊಸದಾಗಿ ಕೊಳ್ಳುತ್ತಾರೆ. ತಂತಿ ಇರೋ ಹೆಡ್‌ಫೋನಿನಲ್ಲಿ ಹಾಳಾಗುವುದು ಹೆಚ್ಚಾಗಿ ಕುಶನ್, ವೈರು, ಜಾಕು. ಮೂರನ್ನೂ ಬದಲಿಸಬಹುದು.

2. ಮಳೆ ಏನು ಮಾಡಿದೆ ನೋಡಿ

ಮಲೆನಾಡಿನವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ಸುತ್ತಿನ ಊರುಗಳಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕಕ್ಕೆ ಬೂಷ್ಟು ಹಿಡಿಯುವಾಗ ಹೆಡ್‌ಫೋನ್ ಒಂದನ್ನೇ ಬಿಡುತ್ತದೆಯೇ? ಕುಶನ್ ಮೇಲಿನ ರೆಕ್ಸಿನ್ ಸಾಮಾನ್ಯವಾಗಿ ಪಾಲಿಯುರೇಥೇನ್. ಗಾಳಿಯಲ್ಲಿರುವ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ. ಬಳಸದೆ ಡಬ್ಬಿಯಲ್ಲಿಟ್ಟ ಜೊತೆಯೂ ಮೂರ್ನಾಲ್ಕು ಮಳೆಗಾಲದಲ್ಲಿ ಅಂಟಂಟಾಗಿ ಕಿತ್ತು ಬರಬಹುದು. ಬೆವರು, ತಲೆಗೆ ಹಚ್ಚಿದ ಎಣ್ಣೆ ಸೇರಿದರೆ ಇನ್ನೂ ಬೇಗ.

ಪರೀಕ್ಷೆ ಸುಲಭ. ಬೇಸ್ ಚೆನ್ನಾಗಿರೋ ಒಂದು ಹಾಡು ಹಾಕಿ. ಎರಡೂ ಅಂಗೈಯಿಂದ ಹೆಡ್‌ಫೋನನ್ನು ಕಿವಿಗೆ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಬೇಸ್ ಏರಿದರೆ, ಎಲ್ಲೋ ಸಂದಿ ಬಿಟ್ಟಿದೆ ಅಂತ ಅರ್ಥ. ಮುಚ್ಚಿದ ಜಾಗದ ಗಾಳಿಯನ್ನು ತಳ್ಳಿಯೇ ಅದು ಬೇಸ್ ಕೊಡುವುದು. ಸಂದಿ ಬಿಟ್ಟರೆ ಮೊದಲು ಸೋರುವುದೂ ಬೇಸೇ. ಕುಶನ್ ಒಳಗಿನ ಸ್ಪಂಜು ಚಪ್ಪಟೆಯಾಗಿದ್ದರೂ ಹೀಗೇ ಆಗುತ್ತದೆ. ಕನ್ನಡಕ ಹಾಕುವವರು ಒಂದು ಸಲ ಕನ್ನಡಕ ತೆಗೆದು ಕೇಳಿ. ಅದರ ಕಡ್ಡಿ ಮಾಡೋ ಸಂದಿಯೂ ಸಣ್ಣದಲ್ಲ.

ಹೊಸ ಕುಶನ್ ತರಿಸುವಾಗ ನಿಮ್ಮ ಮಾಡೆಲ್‌ಗೇ ಅಂತ ಮಾಡಿದ್ದನ್ನು, ಮೊದಲಿದ್ದ ಬಟ್ಟೆಯದನ್ನೇ ತರಿಸಿ. ಮಖಮಲ್ಲಿನದು ಸಿಪ್ಪೆ ಏಳಲ್ಲ ಅನ್ನೋದು ನಿಜ. ಆದರೆ ಅದರಲ್ಲಿ ಬೇಸ್ ಒಂದಿಷ್ಟು ಇಳಿಯುತ್ತದೆ, ನಮ್ಮ ಕಡೆ ಬೂಷ್ಟೂ ಬೇಗ ಹಿಡಿಯುತ್ತದೆ.

ಕಿವಿಯೊಳಗೆ ಹಾಕೋ ಇಯರ್‌ಫೋನ್ ಆದರೆ ಎರಡು ಕೆಲಸ. ಡಬ್ಬಿಯಲ್ಲಿ ಬಂದಿದ್ದ ಬೇರೆ ಅಳತೆಯ ರಬ್ಬರ್ ತುದಿಗಳನ್ನು ಹುಡುಕಿ ಹಾಕಿ ನೋಡಿ. ಬಹಳ ಜನ ಮಧ್ಯದ ಅಳತೆಯನ್ನೇ ಹಾಕಿಕೊಂಡು ಬೇಸ್ ಇಲ್ಲ ಅಂತ ಬೈಯುತ್ತಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಇನ್ನೊಂದು, ಒಂದು ಕಡೆ ಸೌಂಡ್ ಕಡಿಮೆಯಾಗಿದ್ದರೆ ಇಯರ್‌ಫೋನಿನ ಬಾಯಿಯಲ್ಲಿರೋ ಜಾಲರಿ ನೋಡಿ. ಕಿವಿಯ ಗುಗ್ಗೆ ಕಟ್ಟಿರುತ್ತದೆ. ಜಾಲರಿಯನ್ನು ನೆಲದ ಕಡೆ ಮುಖ ಮಾಡಿ ಹಿಡಿದು, ಒಣಗಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ನೀರು ಬೇಡ, ಪಿನ್ನು ಬೇಡ. ನನ್ನ ಅಕ್ಕ "ಎಡಗಡೆದು ಸತ್ತೇಹೋಯ್ತು" ಅಂತ ಮೂಲೆಗೆ ಹಾಕಿದ್ದು ಹೀಗೆ ಹತ್ತು ನಿಮಿಷದಲ್ಲಿ ಎದ್ದು ಕೂತಿತು.

ತಂತಿಯದರಲ್ಲಿ ಒಂದು ಕಡೆ ಕೇಳದೆ, ಜಾಕಿನ ಹತ್ತಿರ ತಿರುಚಿದಾಗ ಬಂದು ಹೋಗುತ್ತಿದ್ದರೆ ಒಳಗೆ ವೈರು ತುಂಡಾಗಿರುತ್ತದೆ. ಶಿವಮೊಗ್ಗದ ಪೇಟೆಗೆ ಹೋದಾಗ ಬೆಸುಗೆ ಹಾಕೋ ಕಡ್ಡಿ ಹಿಡಿದು ಕೂತಿರೋ ರಿಪೇರಿಯವರನ್ನು ಕೇಳಿ. ನನಗೆ ಜಾಕು ಬದಲಿಸೋಕೆ 150 ರೂಪಾಯಿ ಆಯಿತು. "ಹೊಸದೇ ತಗೊಳ್ಳಿ ಸರ್, ಇದಕ್ಕೆ ಯಾಕೆ ದುಡ್ಡು ಹಾಕ್ತೀರಿ" ಅಂದವರೂ ಸಿಕ್ಕರು. ಅಲ್ಲಿಂದ ಎದ್ದು ಪಕ್ಕದ ಅಂಗಡಿಗೆ ಹೋದೆ.

ಇಡುವ ಜಾಗದ್ದೂ ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಳ ಬಿಗಿಯಾಗಿ ಕೂರೋ ಡಬ್ಬಿ, ಒಳಗೆ ನೂರು ಗ್ರಾಂ ಸಿಲಿಕಾ ಜೆಲ್. ಶೂ ಡಬ್ಬಿಯಲ್ಲಿ ಬರೋ ಸಣ್ಣ ಪೊಟ್ಟಣ ನಮ್ಮ ಮಳೆಗೆ ಯಾವ ಮೂಲೆಗೂ ಸಾಲದು, ಅದು ತೇವ ಕುಡಿದು ಆಗಲೇ ತಣ್ಣಗಾಗಿರುತ್ತದೆ. ಬಣ್ಣ ಬದಲಾಗುವ ಕಿತ್ತಳೆ ಜೆಲ್ ಸಿಕ್ಕರೆ ಒಳ್ಳೆಯದು. ಬಣ್ಣ ಹೋದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟರೆ ಮತ್ತೆ ಬರುತ್ತದೆ. ಹೆಡ್‌ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಧೂಳು ಒಳಗೆ ಹೋಗುತ್ತದೆ. ಬೆಚ್ಚಗಿರಲಿ ಅಂತ ಬಚ್ಚಲ ಒಲೆ ಮೇಲಿನ ಅಟ್ಟಕ್ಕೂ ಏರಿಸಬೇಡಿ. ಕಂಬಳಿಗೆ ಆ ಜಾಗ ಸರಿ. ಹೆಡ್‌ಫೋನಿನ ಅಂಟು ಆ ಶಾಖಕ್ಕೆ ಬಿಡುತ್ತದೆ.

3. ಹಾಡು ಎಲ್ಲಿಂದ ಬರ್ತಿದೆ?

ನಮ್ಮ ಮನೆಯಲ್ಲಿ ಒಂದು ಗೆರೆ ಸಿಗ್ನಲ್ ಬೇಕಾದರೂ ಜಗಲಿಯ ತುದಿಗೆ ಹೋಗಬೇಕು. ಹಾಡಿನ ಆ್ಯಪ್‌ನಲ್ಲಿ ಕ್ವಾಲಿಟಿ 'ಆಟೋ' ಅಂತಿದ್ದರೆ, ಸಿಗ್ನಲ್ ಇಳಿದ ಹಾಗೆ ಅದೂ ಸದ್ದಿಲ್ಲದೆ ಇಳಿಯುತ್ತದೆ. ಸ್ಪಾಟಿಫೈನಲ್ಲಿ ಕೆಳಗಿನ ಮಟ್ಟ ಸುಮಾರು 24 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಅಳತೆ), 'ವೆರಿ ಹೈ' ಅಂದರೆ ಸುಮಾರು 320. ಎರಡರ ನಡುವಿನ ಅಂತರ ಯಾವ ಹೆಡ್‌ಫೋನ್‌ನಲ್ಲೂ ಕೇಳುತ್ತದೆ. ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಹೋದಾಗ ವೈಫೈ ಹಿಡಿದು, ಮೇಲಿನ ಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಆಮೇಲೆ ಕೇಳಿ.

ಬ್ಲೂಟೂತ್ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಹಾಕಿ ಮೀಟಿಂಗ್ ಮಾಡುವವರಿಗೆ ಒಂದು ಮಾತು. ಅದರ ಮೈಕ್ ಆನ್ ಆದ ಕೂಡಲೇ ಸೌಂಡು ಹಳೇ ಲ್ಯಾಂಡ್‌ಲೈನ್ ಫೋನಿನ ಮಟ್ಟಕ್ಕೆ ಬೀಳುವುದುಂಟು. ಹೆಡ್‌ಫೋನ್ ಕೆಟ್ಟಿಲ್ಲ, ಕಾಲ್ ಮೋಡ್‌ಗೆ ಹೋಗಿದೆ. ಸೆಟ್ಟಿಂಗ್ಸ್‌ನಲ್ಲಿ ಮೈಕ್ ಮಾತ್ರ ಲ್ಯಾಪ್‌ಟಾಪಿನದು ಅಂತ ಆರಿಸಿದರೆ ಸರಿಹೋಗುತ್ತದೆ.

4. ಈಕ್ವಲೈಜರ್‌ಗೆ ಒಂದು ವಾರ ಕೊಡಿ

ದುಬಾರಿಯದು ಅಂದರೆ ಒಳ್ಳೇ ಸೌಂಡು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನುಗಳ ಅಳತೆ ಇಟ್ಟುಕೊಂಡು ಇದನ್ನೇ ನೋಡಿದರು. ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅನ್ನೋ ಗ್ರಾಫಿಗೂ ಹೆಡ್‌ಫೋನ್ ಬೆಲೆಗೂ ನಂಟು ಕಾಣಲಿಲ್ಲ. ಗಟ್ಟಿಮುಟ್ಟು, ಆರಾಮ, ಗದ್ದಲ ತಡೆಯೋದು ಇವಕ್ಕೆಲ್ಲ ದುಡ್ಡು ಹೋಗುತ್ತದೆ, ಅದು ಬೇರೆ ಮಾತು. ಆದರೆ ಆ ಗ್ರಾಫನ್ನು ಈಕ್ವಲೈಜರ್‌ನಲ್ಲಿ, ಅಂದರೆ ಬೇರೆ ಬೇರೆ ಸ್ವರಗಳ ಜೋರನ್ನು ಏರಿಸಿ ಇಳಿಸೋ ಆ್ಯಪ್‌ನಲ್ಲಿ, ನೀವೇ ಪುಕ್ಕಟೆ ತಿದ್ದಬಹುದು.

ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಅನ್ನೋ ಆ್ಯಪ್ ಇದೆ, ವಿಂಡೋಸ್‌ಗೆ ಈಕ್ವಲೈಜರ್ ಎಪಿಒ ಇದೆ. ಆಟೋ ಈಕ್ಯೂ ಅನ್ನೋ ಯೋಜನೆಯವರು ಸಾವಿರಾರು ಮಾಡೆಲ್‌ಗಳಿಗೆ ತಿದ್ದುಪಡಿ ಲೆಕ್ಕ ಹಾಕಿಟ್ಟಿದ್ದಾರೆ. ನಿಮ್ಮ ಮಾಡೆಲ್ ಸಿಕ್ಕರೆ ಆರಿಸಿ, ಮುಗಿಯಿತು. ಸಿಗದಿದ್ದರೆ ಕೈಯಲ್ಲೇ ಮಾಡಿ. 'ಸ', 'ಶ' ಅಕ್ಷರಗಳು ಚುಚ್ಚಿದರೆ 5,000ದಿಂದ 8,000 ಹರ್ಟ್ಸ್ (ಸ್ವರ ಎಷ್ಟು ಮೇಲಿನದು ಅನ್ನೋ ಅಳತೆ) ನಡುವೆ ಎರಡು ಮೂರು ಡಿಬಿ (ಡೆಸಿಬೆಲ್, ಜೋರಿನ ಅಳತೆ) ಇಳಿಸಿ. ಬೇಸ್ ಸಾಲದಿದ್ದರೆ 100 ಹರ್ಟ್ಸ್‌ನ ಕೆಳಗೆ ಅಷ್ಟೇ ಏರಿಸಿ, ಜೊತೆಗೆ ಒಟ್ಟು ಲೆವೆಲ್ಲನ್ನು ಅಷ್ಟೇ ಇಳಿಸಿ. ಇಲ್ಲದಿದ್ದರೆ ಸೌಂಡು ಒಡೆಯುತ್ತದೆ. ಹತ್ತು ಡಿಬಿ ಏರಿಸೋ ಹುರುಪು ಬೇಡ. ಸಾರಿಗೆ ಉಪ್ಪು ಹಾಕಿದ ಹಾಗೆ, ಚಿಟಿಕೆ ಚಿಟಿಕೆಯಾಗಿ.

ಸರಿಯಾಯಿತೋ ಇಲ್ಲವೋ ಅಂತ ತಿಳಿಯೋಕೆ ಮನುಷ್ಯರ ದನಿಯೇ ಒಳ್ಳೇದು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ಗಮಕ, ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆ ನನ್ನ ಅಳತೆಗೋಲು. ಎದುರಿಗೆ ಕೂತು ಹಾಡಿದರೆ ದನಿ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. ಮೂಗಿನಲ್ಲಿ ಹಾಡಿದ ಹಾಗೆ, ಕೊಡದೊಳಗಿಂದ ಬಂದ ಹಾಗೆ ಕೇಳಿದರೆ ಎಲ್ಲೋ ಜಾಸ್ತಿ ತಿರುಗಿಸಿದ್ದೀರಿ.

ಹಾಕಿದ ಮೊದಲ ದಿನ ವಿಚಿತ್ರ ಅನ್ನಿಸುತ್ತದೆ. ವಾರ ಬಿಟ್ಟು ತೆಗೆದು ನೋಡಿ, ಆಗ ಹಳೇದು ವಿಚಿತ್ರ ಅನ್ನಿಸುತ್ತದೆ. ಕಿವಿ ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಹೊಸ ಹೆಡ್‌ಫೋನ್ "ಬಳಸ್ತಾ ಬಳಸ್ತಾ ಚೆನ್ನಾಗಾಯ್ತು" ಅನ್ನೋ ಮಾತಿನಲ್ಲಿ ಹೆಚ್ಚಿನ ಪಾಲು ಇದೇ ಅಂತ ನನ್ನ ಅನಿಸಿಕೆ.

5. ಹೋಲಿಸುವಾಗ ವಾಲ್ಯೂಮ್ ಒಂದೇ ಇರಲಿ

ಸ್ನೇಹಿತರದ್ದೋ ಅಂಗಡಿಯದ್ದೋ ಹೆಡ್‌ಫೋನ್ ಹಾಕಿಕೊಂಡು "ಅಬ್ಬಾ!" ಅನ್ನಿಸಿದರೆ, ಮೊದಲು ಅದು ಎಷ್ಟು ಜೋರಾಗಿದೆ ನೋಡಿ. ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಅಂತ ಎಲ್ಲರ ಕಿವಿಯೂ ಹೇಳುತ್ತದೆ. ಕಡಿಮೆ ವಾಲ್ಯೂಮಿನಲ್ಲಿ ಬೇಸ್ ನಮಗೆ ಕಡಿಮೆ ಕೇಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ಪ್ರಕಟಿಸಿದ್ದು 1933ರಲ್ಲಿ. ಎರಡು ಗೆರೆ ವಾಲ್ಯೂಮ್ ಏರಿಸಿದರೆ ಸಿಗೋ ಸುಖಕ್ಕೆ 24,000 ಯಾಕೆ?

ಹೋಲಿಸೋದಾದರೆ ಒಂದೇ ಫೋನು, ಒಂದೇ ಹಾಡು, ಮತ್ತು ಕಿವಿಗೆ ಒಂದೇ ಜೋರು. ಕರಾರುವಾಕ್ಕಾಗಿ ಆಗಲ್ಲ, ಆದಷ್ಟು ಮಾಡಿ.

ಹಾಡಿನ ಫೈಲಿನ ಬಗ್ಗೆ ನನಗೂ ಜಂಬ ಇತ್ತು, ಲಾಸ್‌ಲೆಸ್ (ಹಾಡಿನ ಯಾವ ಅಂಶವನ್ನೂ ಕಳೆಯದೆ ಇಟ್ಟ ಫೈಲು) ಬಿಟ್ಟು ಬೇರೆ ಕೇಳಲ್ಲ ಅಂತ. ಒಂದು ರಾತ್ರಿ ಹೆಂಡತಿಯನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ನಾನು ಗೋಡೆ ಕಡೆ ತಿರುಗಿ ಕೂತೆ. ಒಂದೇ ಹಾಡಿನ ಎರಡು ಫೈಲು, ಒಂದು ಲಾಸ್‌ಲೆಸ್, ಇನ್ನೊಂದು 320ರ ಎಂಪಿ3. ಅವಳು ಮನಸ್ಸಿಗೆ ಬಂದ ಹಾಗೆ ಹತ್ತು ಸಲ ಹಾಕಿದಳು, ಚೀಟಿಯಲ್ಲಿ ಗುರುತು ಮಾಡಿಕೊಂಡಳು. ನಾನು ಪ್ರತಿ ಸಲ ಗಂಭೀರವಾಗಿ ಉತ್ತರ ಹೇಳಿದೆ. ಆರು ಸರಿ. ಚಿಲ್ಲರೆ ಕಾಸು ಚಿಮ್ಮಿ ಹೇಳಿದ್ದರೂ ಐದು ಸರಿ ಬರುತ್ತಿತ್ತು. "ಇದಕ್ಕಾ ನೀವು ಹಾರ್ಡ್ ಡಿಸ್ಕ್ ತಗೊಂಡಿದ್ದು?" ಅಂದಳು. ಆ ಚೀಟಿ ಇನ್ನೂ ಅವಳ ಹತ್ತಿರವೇ ಇದೆ, ಬೇಕಾದಾಗ ತೆಗೆಯುತ್ತಾಳೆ.

6. ಮೂರು ನಕ್ಷತ್ರ ಕಾಯಿರಿ

ಇಷ್ಟಾದ ಮೇಲೂ ಆಸೆ ಇದ್ದರೆ, ಕಾರ್ಟ್‌ನಲ್ಲೇ ಬಿಟ್ಟು ಮೂರು ಮಳೆ ನಕ್ಷತ್ರ ಕಳೆಯಲಿ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಹಿಡಿದ ದಿನ ಆಸೆ ಹುಟ್ಟಿದರೆ ಪುನರ್ವಸು ದಾಟಿ ಪುಷ್ಯ ಮುಗಿಯೋವರೆಗೆ, ಹತ್ತಿರ ಹತ್ತಿರ ನಲವತ್ತು ದಿನ. ಈ ನಲವತ್ತು ದಿನ ಹೆಡ್‌ಫೋನ್ ವಿಡಿಯೋ ಮಾತ್ರ ನೋಡಬೇಡಿ. ನೋಡುತ್ತಾ ಕಾದರೆ ಅದು ಕಾದ ಹಾಗಲ್ಲ. ಆ ಹೊತ್ತಿನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಕೇಳಿ. ಮೊದಲು ಬರೆದ ಹಾಳೆಗೆ ಹೊಸ ಸಾಲು ಸೇರುತ್ತದೆಯೋ, ಇದ್ದದ್ದೇ ಹೊಡೆದುಹೋಗುತ್ತದೆಯೋ ನೋಡಿ.

7. ಕೊಳ್ಳಲೇಬೇಕಾದಾಗ

ಕೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ಎರಡನೇ ಸಾಲು, ನೆತ್ತಿ ನೋವು, ಕುಶನ್ ಬದಲಿಸಿದರೂ ಹೋಗಲಿಲ್ಲ. ತಲೆಪಟ್ಟಿಗೆ ಬಟ್ಟೆ ಸುತ್ತಿದೆ, ಅರ್ಧ ಕಡಿಮೆಯಾಯಿತು. ಅದೂ ಆಗದವರಿಗೆ ಹಗುರದ್ದೊಂದು ಕೊಳ್ಳೋಕೆ ಅದು ನ್ಯಾಯವಾದ ಕಾರಣ. ತಂತಿ ಇಲ್ಲದ ಪುಟ್ಟ ಇಯರ್‌ಬಡ್‌ಗಳ ಬ್ಯಾಟರಿ ಎರಡು ಮೂರು ವರ್ಷಕ್ಕೆ ಕುಗ್ಗುತ್ತದೆ, ಹೆಚ್ಚಿನವನ್ನು ಬಿಚ್ಚಿ ಬದಲಿಸಲು ಆಗಲ್ಲ. ಅದಕ್ಕೂ ಬೇರೆ ದಾರಿ ಇಲ್ಲ.

ಕೊಂಡರೆ ಅದೇ ಜಾತಿಯ ದುಬಾರಿಯದು ಬೇಡ, ಇರೋದು ಮಾಡದ ಕೆಲಸ ಮಾಡೋದು ತಗೊಳ್ಳಿ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಆಗಾಗ ಹೋಗುವವರಿಗೆ ನಾಯ್ಸ್ ಕ್ಯಾನ್ಸಲಿಂಗ್ ದುಡ್ಡಿಗೆ ಮೋಸವಿಲ್ಲ. ಎಂಜಿನ್ನಿನ ಗುಂಯ್ ಅನ್ನೋ ತಗ್ಗಿನ ಸದ್ದನ್ನು ಅದು ಚೆನ್ನಾಗಿ ನುಂಗುತ್ತದೆ. ಅದನ್ನೇ ಮನೆಯ ತಗಡಿನ ಮಾಡಿನ ಮೇಲೆ ಬೀಳೋ ಮಳೆಗೆ ಅಂತ ಕೊಂಡರೆ ಬೇಜಾರಾಗುತ್ತದೆ. ಆ ಸದ್ದಿನಲ್ಲಿ ಚರಚರ ಅನ್ನೋ ಮೇಲಿನ ಪಾಲು ಜಾಸ್ತಿ, ಅದಕ್ಕೆ ಎಲೆಕ್ಟ್ರಾನಿಕ್ಸಿಗಿಂತ ಬಿಗಿಯಾಗಿ ಕೂರೋ ಕುಶನ್ನು, ಸ್ಪಂಜಿನ ತುದಿಯೇ ಮೇಲು. ಬೆನ್ನು ತೆರೆದ, ಹೊರಗಿನ ಸದ್ದನ್ನು ಒಳಗೆ ಬಿಡೋ ಓಪನ್ ಬ್ಯಾಕ್ ಹೆಡ್‌ಫೋನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಸುಮ್ನೆ. ಮಳೆ ಸದ್ದಿಗೆ ಪೈಪೋಟಿಯಾಗಿ ವಾಲ್ಯೂಮ್ ಏರಿಸೋದು ಮಾತ್ರ ಬೇಡ. ದೊಡ್ಡವರಿಗೆ 80 ಡಿಬಿಯಲ್ಲಿ ವಾರಕ್ಕೆ 40 ಗಂಟೆ, ಅಷ್ಟೇ ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ಭಾವನದ್ದು 600 ರೂಪಾಯಿಯ ತಂತಿ ಇಯರ್‌ಫೋನು. ಅಡಿಕೆ ಸುಲಿಯೋ ಕಾಲದಲ್ಲಿ ಚಪ್ಪರದಡಿ ಮೆಟ್ಟುಗತ್ತಿ ಮುಂದೆ ಕೂತು, ಒಂದೇ ಕಿವಿಗೆ ಹಾಕಿಕೊಂಡಿರುತ್ತಾನೆ. ಇನ್ನೊಂದು ಕಿವಿ ಸುತ್ತಲಿನ ಹರಟೆಗೆ. ಹೊಸ ಕುಶನ್ ಹಾಕಿದ ಹುರುಪಿನಲ್ಲಿ ನನ್ನದನ್ನು ಅವನ ತಲೆಗೆ ಏರಿಸಿದೆ. ಒಂದು ಪದ್ಯ ಪೂರ್ತಿ ಕೇಳಿದ. ತೆಗೆದು ಕೊಟ್ಟ. "ಚೆನ್ನಾಗಿದೆ ಮಾರಾಯ. ಆದ್ರೆ ಇದು ಹಾಕ್ಕೊಂಡ್ರೆ ಕತ್ತಿ ಸದ್ದೇ ಕೇಳಲ್ಲ, ಬೆರಳು ಹೋಗ್ತದೆ" ಅಂದು ಮತ್ತೆ ತನ್ನದನ್ನೇ ಸಿಕ್ಕಿಸಿಕೊಂಡ.

ಆರ್ಡರ್ ಮಾಡಿದರೆ ವಾಪಸ್ ಕಳಿಸಲು ಎಷ್ಟು ದಿನ ಇದೆ ಅಂತ ಮೊದಲೇ ಓದಿ. ಬಂದ ದಿನವೇ ಹಳೇದನ್ನು ಪಕ್ಕದಲ್ಲಿಟ್ಟುಕೊಂಡು, ವಾಲ್ಯೂಮ್ ಸರಿಮಾಡಿ, ಕ್ಯಾಲೆಂಡರ್ ಹಾಳೆಯಲ್ಲಿ ಬರೆದ ಅದೇ ಹಾಡು, ಅದೇ ನಿಮಿಷ ಹಾಕಿ ಕೇಳಿ. ಆ ಸಾಲಿನ ಕೊರತೆ ತೀರದಿದ್ದರೆ ದಾಕ್ಷಿಣ್ಯ ಬೇಡ, ಕಳಿಸಿಬಿಡಿ. ಅಲ್ಲಿಯವರೆಗೆ ಡಬ್ಬಿ, ಒಳಗಿನ ಪ್ಲಾಸ್ಟಿಕ್ಕು, ಬಿಲ್ಲು ಎಲ್ಲಾ ಜೋಪಾನ. ಅಟ್ಟದ ಮೇಲೆ ಇಡಬೇಡಿ, ಇಲಿ ಬಿಡಲ್ಲ.